ಮಾರ್ಚ್‌ನಲ್ಲೇ ಮಾರಿದ ವಿಡಿಯೋ ಗೇಮ್

ರಾತ್ರಿ ಹನ್ನೆರಡು ದಾಟಿತ್ತು. ಗೋಡೆಯಾಚೆ ಟಿಕ್ ಟಿಕ್ ಎಂದು ಸಣ್ಣ ಸದ್ದು. ಹಲ್ಲಿ ಎಂದುಕೊಂಡೆ. ಹಲ್ಲಿ ಅಷ್ಟು ಅವಸರವಾಗಿ ನುಡಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಗುರುತು ಹತ್ತಿತು. ನಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಆ ಗುಂಡಿಗಳನ್ನು ನಾನೇ ದಿನಕ್ಕೆ ಹತ್ತು ಸಲ ಒತ್ತುತ್ತಿದ್ದೆ. ಟಿವಿಯ ದನಿ ಪೂರ್ತಿ ಇಳಿಸಿ ಯಾರೋ ವಿಡಿಯೋ ಗೇಮ್ ಆಡುತ್ತಿದ್ದರು.

ಯಾರೋ ಏನು, ಸುಜಾತಾ. ಪಕ್ಕದ ಮನೆಯ ಯರ್ರೆಪ್ಪನ ಮಗಳು, ಎಸ್ಸೆಸ್ಸೆಲ್ಸಿ. ಗಣಿತದ ಪರೀಕ್ಷೆಗೆ ನಾಲ್ಕೇ ದಿನ ಇತ್ತು. ಸೆಖೆಗೆ ಅಪ್ಪ ಅವ್ವ ಮಾಳಿಗೆಯ ಮೇಲೆ ಮಲಗುತ್ತಿದ್ದರು, ಓದಿಕೊಳ್ಳಲಿ ಎಂದು ಅವಳನ್ನು ಕೆಳಗೆ ಬಿಟ್ಟು.

ಅದು ತೊಂಬತ್ತೊಂಬತ್ತನೆಯ ಇಸವಿ. ಕೊಟ್ಟೂರಿನಲ್ಲಿ ನನ್ನ ಗಂಡ ಭೀಮರಾಜ ಅವರ ಟಿವಿ ಅಂಗಡಿ. ರಿಪೇರಿ ಅವರದು, ಮಾರಾಟ ನನ್ನದು. ವಿಡಿಯೋ ಗೇಮಿಗೆ ವರ್ಷದಲ್ಲಿ ಎರಡೇ ಕಾಲ, ಬೇಸಿಗೆ ರಜೆ ಮತ್ತು ದೀಪಾವಳಿ. ಜೂನ್ ಬಂದರೆ ಜನ ನೋಟ್‌ಬುಕ್ಕು, ಬಿತ್ತನೆ ಬೀಜ ಕೊಳ್ಳುತ್ತಾರೆ, ಆಟದತ್ತ ತಿರುಗಿ ನೋಡುವುದಿಲ್ಲ. ಕಂಪನಿಯವರೂ ಹೊಸ ಮಾದರಿಗಳನ್ನು ಪರೀಕ್ಷೆ ಮುಗಿಯುವ ಹೊತ್ತಿಗೇ ಬಿಡುತ್ತಾರೆ ಎಂದು ಬಳ್ಳಾರಿಯ ಏಜೆಂಟ್ ಹೇಳಿದ್ದ. "ಆದ್ರ ಪರೀಕ್ಷಿ ಮುಗೀಲಿ ಅಂತ ಎಲ್ಲಾ ಅಂಗಡ್ಯೋರೂ ಕಾಯ್ತಾರ್ರಿ. ಹದಿನೈದು ದಿನ ಮೊದ್ಲ ಇಳಿಸಿದೋನ ಗೆದ್ದ."

ಆ ಮಾತು ನನಗೆ ಹಿಡಿಸಿತು. ಮಾರ್ಚ್ ಎರಡನೆಯ ವಾರವೇ ಹೊಸ ಮಾದರಿ ತರಿಸಿ ಗಾಜಿನ ಕಪಾಟಿನಲ್ಲಿಟ್ಟೆ.

ಯರ್ರೆಪ್ಪ ಬಂದ. "ಅಕ್ಕಾರ, ನಮ್ ಹುಡುಗಿಗೆ ಒಂದು ತೆಗೆದಿಡ್ರಿ. ಪರೀಕ್ಷಿ ಮುಗಿದ ದಿನ ಒಯ್ತೀನಿ."

"ಅಲ್ಲಿತನ ಉಳಿಯಂಗಿಲ್ಲಣ್ಣ. ಹಗರಿಬೊಮ್ಮನಹಳ್ಳಿಯೋರು ಕೇಳಾಕತ್ಯಾರ."

"ಮನ್ಯಾಗ ಎಲ್ಲಿ ಮುಚ್ಚಿಡ್ಲಿ? ಬೆಲ್ಲ ಮುಚ್ಚಿಟ್ರೂ ಹುಡುಕಿ ತಿಂತಾಳ ಅಕಿ."

"ಜೋಳದ ಚೀಲದಾಗ ಹುಗೀರಿ. ಗಣಿತ ಓದೋ ಹುಡುಗಿ ರೊಟ್ಟಿ ಬಡ್ಯಾಕ ಬರ್ತಾಳೇನು?"

ಅವನು ನಗುತ್ತ ಒಯ್ದ. ಯಾವ ಊರಿನವರೂ ಕೇಳಿರಲಿಲ್ಲ. ಒಳಗೆ ಇನ್ನೂ ಹನ್ನೊಂದು ಪೆಟ್ಟಿಗೆ ಇದ್ದವು.

ಸದ್ದು ಕೇಳಿದ ಮರುದಿನ ನಲ್ಲಿಯ ಹತ್ತಿರ ಅವನ ಹೆಂಡತಿ ಹಂಪಕ್ಕ ಸಿಕ್ಕಳು. "ನಮ್ಮ ಸುಜಿ ರಾತ್ರಿ ಎರಡರತನ ಲೈಟ್ ಹಚ್ಚಿರ್ತಾಳ. ಕಣ್ಣು ನೋಡ್ರಿ, ಕೆಂಡ ಆಗ್ಯಾವ" ಎಂದಳು, ಹೆಮ್ಮೆಯಿಂದ.

ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಪೆಟ್ಟಿಗೆ ವಾಪಸ್ ಬರುತ್ತದೆ. ಓಣಿಯಲ್ಲಿ ಮಾತಾಗುತ್ತದೆ, ಉಳಿದ ತಾಯಂದಿರು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

"ನೆತ್ತಿಗೆ ಎಣ್ಣಿ ಹಚ್ಚು" ಎಂದೆ.

ಇನ್ನೂ ಮೂರು ರಾತ್ರಿ ಆ ಸದ್ದು ಕೇಳಿದೆ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸುಜಾತಾ ಗಣಿತದಲ್ಲಿ ಫೇಲ್.

ಸಂಜೆ ಯರ್ರೆಪ್ಪ ನಮ್ಮ ಹೊಸ್ತಿಲಿಗೆ ಬಂದ. ಹಿಂದೆ ಸುಜಾತಾ, ನೆಲ ನೋಡುತ್ತ.

"ಅಕ್ಕಾರ, ನಿಮ್ಮದು ನಮ್ಮದು ಒಂದ ಗ್ವಾಡಿ. ಖರೇ ಹೇಳ್ರಿ, ಅಕಿ ರಾತ್ರಿ ಓದ್ತಿದ್ಲೋ ಇಲ್ಲೋ? ಓದಿಲ್ಲಂದ್ರ ಬಿಡಿಸಿ ಮದುವಿ ಮಾಡು ಅಂತಾರ ನಮ್ಮಣ್ಣ. ಓದೀನೂ ಫೇಲಾಗಿದ್ರ ಇನ್ನೊಮ್ಮಿ ಪರೀಕ್ಷಿ ಕಟ್ಟಿಸ್ತೀನಿ. ನೀವು ಹೇಳಿದ್ದ ನಂಬ್ತೀನಿ."

ಸುಜಾತಾ ತಲೆಯೆತ್ತಿ ನನ್ನನ್ನೇ ನೋಡಿದಳು.

"ಓದ್ತಿದ್ಲಣ್ಣ. ದಿನಾ ಕೇಳ್ತಿತ್ತು" ಎಂದೆ.

ಅವನು ಕೈ ಮುಗಿದು ಹೋದ. ನನಗೆ ಕೈ ಮುಗಿಯಬಾರದಿತ್ತು. ಹುಡುಗಿಯ ಸಲುವಾಗಿ ಸುಳ್ಳು ಹೇಳಿದೆ ಎಂದು ಗಂಡನ ಮುಂದಾದರೂ ಹೇಳಿ ಹಗುರಾಗಬಹುದಿತ್ತು. ಆದರೆ ಅದನ್ನು ಹೇಳಲು ಹೊರಟರೆ ಮಾರ್ಚಿನ ಸುಳ್ಳಿನಿಂದಲೇ ಶುರುಮಾಡಬೇಕು. ಅವರು ಊಟಕ್ಕೆ ಕುಳಿತು, "ಯರ್ರೆಪ್ಪ ಯಾಕ ಬಂದಿದ್ದ?" ಎಂದರು.

"ಸುಮ್ನ" ಎಂದೆ. ಇನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿಬಿಟ್ಟೆ.