ಅರ್ಧ ಬೆಟ್ಟದ ಕರಡಿ

ವರ್ಷಗಟ್ಟಲೆ ಭಾನುವಾರ ತಪ್ಪದೆ ಬೆಟ್ಟ ಹತ್ತಿದ ದರ್ಜಿಗೆ ಒಂದು ಮೊಲವೂ ಎದುರಾಗಿರಲಿಲ್ಲ. ಮೊದಲ ಸಲ ಜೊತೆಗೆ ಬಂದ ಷಡ್ಡಕ ಅರ್ಧದಲ್ಲೇ ಉಸ್ಸೆಂದು ಬಂಡೆಯ ಮೇಲೆ ಕೂತ. ಕೂತಲ್ಲಿಗೇ ಕರಡಿ ಬಂದು ಮುಖ ತೋರಿಸಿ ಹೋಯಿತು. ತುದಿ ಮುಟ್ಟಿ ಇಳಿದ ದರ್ಜಿಗೆ ಸಿಕ್ಕಿದ್ದು ಬರೀ ಹೆಜ್ಜೆಗುರುತು.

ಅಂದಿನಿಂದ ಮಾವನ ಮನೆಯಲ್ಲಿ ಷಡ್ಡಕನದೇ ದರ್ಬಾರು. ದರ್ಜಿ ಹೊಟ್ಟೆ ಉರಿದುಕೊಂಡು ಅವನ ಪ್ಯಾಂಟಿನ ಸೊಂಟವನ್ನು ಬೇಕೆಂದೇ ಬಿಗಿಯಾಗಿ ಹೊಲಿದುಕೊಟ್ಟ.

ಮುಂದಿನ ಭಾನುವಾರ ತುದಿಯ ಆಸೆ ಬಿಟ್ಟು ಅದೇ ಬಂಡೆಯ ಮೇಲೆ ತಾನೂ ಕೂತ. ಮಧ್ಯಾಹ್ನ ಕರಡಿ ಬಂತು, ಬೆನ್ನ ಮೇಲೆ ಮರಿ ಹೊತ್ತು. ಕಣ್ತುಂಬ ನೋಡಿದವನು ಬಿದ್ದಂಬೀಳ ಮನೆಗೆ ಓಡಿಬಂದು ಹೆಂಡತಿಗೆ ಹೇಳಿದ.

ಅವಳು ತಟ್ಟೆ ಒರೆಸುತ್ತಲೇ ಅಂದಳು: "ಹಾಗಾದ್ರೆ ಅದು ನಮ್ಮ ಭಾವನ ಕರಡೀನೇ. ಮರಿ ಹಾಕಿದೆ ಅಂತ ಅವರಿಗೊಂದು ಫೋನ್ ಮಾಡಿ ಹೇಳ್ರೀ."