ಪಿನ್ನು ಹೊಡೆದ ಪಾಠ

ಎಂಟನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಹಂಚುವ ಮೊದಲು, ಮೈ ಬೆಳೆಯುವ ಬಗೆಗಿನ ಪಾಠದ ಹಾಳೆಗಳನ್ನು ತೆರೆಯಲಾಗದಂತೆ ಸೇರಿಸಿ ಪಿನ್ನು ಹೊಡೆಯಬೇಕು. ಪೋಷಕರೆಲ್ಲ ಒಪ್ಪಿದರೆ ಕೀಳಬಹುದು. ಒಬ್ಬರು ಬೇಡವೆಂದರೂ ಇಡೀ ತರಗತಿಗೆ ಪಾಠವಿಲ್ಲ. ಮಕ್ಕಳು ತಾವೇ ಕಿತ್ತರೆ ಟೀಚರು ಮತ್ತೆ ಹೊಡೆಯಬೇಕು. ಇಷ್ಟು ಹೇಳಿ ಸರ್ಕಾರದ ಸುತ್ತೋಲೆ ಕೈ ತೊಳೆದುಕೊಂಡಿತ್ತು.

ವಿಜ್ಞಾನದ ಟೀಚರು ಚಪ್ಪಲಿ ಸವೆಸಿ, ಮನೆಮನೆ ಅಲೆದು ಎಲ್ಲರನ್ನೂ ಒಪ್ಪಿಸಿದಳು. ಜಪ್ಪಯ್ಯ ಎಂದರೂ ಒಪ್ಪದವನು ಒಬ್ಬನೇ. ಅವಳ ಒಡಹುಟ್ಟಿದ ಅಣ್ಣ.

ಅಣ್ಣ ಹೆಂಗಸರ ಬಟ್ಟೆ ಹೊಲಿಯುವ ಟೈಲರು. ಅವಳು ಅಂಗಡಿಗೆ ಹೋದಾಗ ಕೊರಳಿಗೆ ಟೇಪು ನೇತುಹಾಕಿಕೊಂಡು ಹಳದಿ ಗೌನೊಂದರ ತೋಳು ಕತ್ತರಿಸುತ್ತಿದ್ದ. ಅವನ ಮಗಳು ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು.

“ಊರ ಹೆಂಗಸರ ಅಳತೆಯೆಲ್ಲಾ ನಿನ್ನ ನಾಲಿಗೆ ತುದೀಲಿದೆ. ಮಗಳಿಗೆ ನಾಲ್ಕು ಮಾತು ಹೇಳ್ತೀನಂದ್ರೆ ನಾಚಿಕೇನಾ ಅಣ್ಣಾ?”

“ಅಳತೆ ಬೇರೆ, ಪಾಠ ಬೇರೆ ಕಣೇ. ನಮಗ್ಯಾರು ಹೇಳ್ಕೊಟ್ರು? ನಾವು ಬೆಳೀಲಿಲ್ವಾ?”

“ಬೆಳೆದ್ವಿ. ಮೊದಲನೇ ಸಲ ಮುಟ್ಟಾದಾಗ ಸತ್ತೇ ಹೋಗ್ತೀನಿ ಅಂತ ಬಚ್ಚಲಲ್ಲಿ ಕೂತು ಅತ್ತಿದ್ದೆ. ಇನ್ನೂ ಎಷ್ಟೊತ್ತು ಅಂತ ಬಾಗಿಲು ಬಡಿದು ಬೈದೋನು ನೀನೇ.”

ಕತ್ತರಿ ನಿಂತಿತು. ಅಣ್ಣ ಗೌನಿನ ಮೇಲಿನ ಕಣ್ಣು ಎತ್ತಲಿಲ್ಲ.

“ಅಷ್ಟು ಹುಮ್ಮಸ್ಸಿದ್ರೆ ಇವಳೊಬ್ಬಳಿಗೆ ಹೇಳು. ಹುಡುಗರ ಮುಂದೆ ಬೇಡ.”

ಇಷ್ಟಾದರೂ ಸಿಕ್ಕಿತಲ್ಲ ಎನಿಸಿ ಅವಳು ಸೋದರಸೊಸೆಯ ಕಡೆ ತಿರುಗಿದಳು. “ಬಾರೇ ಪುಟ್ಟಿ, ಒಳಗೆ ಹೋಗೋಣ.”

ಹುಡುಗಿ ಏಳಲಿಲ್ಲ. “ಬೇಡ ಅತ್ತೆ. ಅಪ್ಪನಿಂದ ಪಾಠ ಹೋಯ್ತು ಅಂತ ಕ್ಲಾಸಲ್ಲಿ ಯಾರೂ ನನ್ನ ಜೊತೆ ಮಾತಾಡ್ತಿಲ್ಲ. ನಂಗೊಬ್ಬಳಿಗೇ ಹೇಳಿದ್ರೆ ಅವರಿಗೆ ಹೇಗೆ ಮುಖ ತೋರಿಸ್ಲಿ?”

ಟೀಚರು ಅಣ್ಣನ ಬಾಯನ್ನೇ ನೋಡುತ್ತ ನಿಂತಳು. ಒಂದು ‘ಹೂಂ’ ಸಾಕಿತ್ತು. ಅವನು ಬಟ್ಟೆಯ ಮೇಲೆ ಆಗಲೇ ಎಳೆದಿದ್ದ ಗೆರೆಯ ಮೇಲೇ ಮತ್ತೊಮ್ಮೆ ಸೀಮೆಸುಣ್ಣದ ಗೆರೆ ಎಳೆದ.

“ನಾಳೆ ಇದನ್ನ ಕೊಡ್ಬೇಕು. ಹೊರಡು ನೀನು,” ಎಂದ.

ಮರುದಿನ ತರಗತಿಯಲ್ಲಿ ದಪ್ಪಗೆ ಅಂಟಿಕೊಂಡಿದ್ದ ಆ ಹಾಳೆಗಳನ್ನು ಅವಳು ಒಟ್ಟಿಗೇ ಮಗುಚಿದಳು. “ಮುಂದಿನ ಪಾಠ, ಬೆಳಕು.”

ಕಿರಣವೊಂದನ್ನು ಎಳೆಯಲು ಬೋರ್ಡಿನ ಕಡೆ ತಿರುಗಿದಾಗ, ಸೊಸೆ ಕೂರುವ ಬೆಂಚಿನ ಕಡೆಯಿಂದ ಪಿನ್ನು ಕಿತ್ತು ಬಿದ್ದ ಸಣ್ಣ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬೆಂಚಿನಿಂದಲೂ. ತಿರುಗಿದರೆ ಮತ್ತೆ ಪಿನ್ನು ಹೊಡೆಯಬೇಕು. ಅವಳು ತಿರುಗಲಿಲ್ಲ.

ಓದುತ್ತಾರೆ, ಸರಿ. ಅರ್ಥವಾಗದ್ದನ್ನು ಯಾರನ್ನು ಕೇಳುತ್ತಾರೆ? ಕೇಳಿಸಿಕೊಳ್ಳಬೇಕಾದವಳು ಬೆನ್ನು ಹಾಕಿ ನಿಂತಿದ್ದಳು. ಸೀಮೆಸುಣ್ಣ ಕೈಯಲ್ಲೇ ಮುರಿಯಿತು.