ಫ್ಯೂಸಿನ ಜಾಗದಲ್ಲಿ ತಾಮ್ರ

ಯೊಕಾಸ್ತಾ ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಬಲಗೈಯನ್ನು ಹಿಡಿದುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಗುರುಸಂದುಗಳನ್ನು ಉಜ್ಜುತ್ತಿದ್ದಳು.

"ಸಾಕು ಬಿಡು ಅತ್ತಿಗೆ, ಅದು ಹೋಗಲ್ಲ," ಎಂದಳು ನಾದಿನಿ ಮಿರೇಯಾ. "ಮೂವತ್ತು ವರ್ಷದ ಮಸಿ. ದೇವರೇನು ಉಗುರು ನೋಡ್ತಾನಾ?"

"ಊರೋರು ನೋಡ್ತಾರೆ."

"ಯಾವ ಊರೋರು? ಬಂದಿರೋದೇ ಹನ್ನೆರಡು ಜನ."

ಯೊಕಾಸ್ತಾ ಎಡಗೈಯನ್ನು ಎತ್ತಿಕೊಂಡಳು.

ಫಿದಿಯಾಸ್‌ಗೆ ಐವತ್ತೆಂಟು. ಹಿಂದಿನ ದಿನ ಬೆಳಿಗ್ಗೆ ಯಾರದೋ ಟೇಬಲ್ ಫ್ಯಾನ್ ಬಿಚ್ಚಿ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ್ದ. ಅವಳು ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ಒಂದು ಕಾಲದಲ್ಲಿ ಆಸುವಾ ಊರಿನ ಅರ್ಧ ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸಿದವನು ಅವನೇ. ರಾಜಧಾನಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಕಳೆದ ಹನ್ನೊಂದು ವರ್ಷ ಅವನ ಕೈಗೆ ಬಂದದ್ದು ಫ್ಯಾನು, ಇಸ್ತ್ರಿಪೆಟ್ಟಿಗೆ ಅಷ್ಟೆ.

ಹೊರಗೆ ಬಾದಾಮಿ ಮರದ ಕೆಳಗೆ ನಾಲ್ಕು ಜನ ಗಂಡಸರು ಶುಂಠಿ ಕಷಾಯ ಹೀರುತ್ತಿದ್ದರು. ಮಾತೆಲ್ಲ ಟ್ಯಾಕ್ಸಿ ಓಡಿಸುವ ಚೇಲೊನದು.

"ನನ್ನ ಗಾಡಿಗೆ ವೈರ್ ಎಳೀವಾಗ ಮೂರು ಗಂಟೆ ಬಿಸಿಲಲ್ಲಿ ನಿಲ್ಸಿದ್ದ ಕಣ್ರೋ. ವೈರ್ ತಗಡಿನ ತೂತು ದಾಟೋ ಕಡೆ ರಬ್ಬರ್ ಬಳೆ ಇಲ್ಲ, ಅಂಚು ವೈರ್ ಕುಯ್ಯುತ್ತೆ, ಅದನ್ನ ಹಾಕದೆ ಗಾಡಿ ಬಿಡಲ್ಲ ಅಂತ. ಮದುವೆಗೆ ಹೊತ್ತಾಯ್ತೋ ಅಂದ್ರೆ, 'ಮದುಮಗಳು ಕಾಯ್ತಾಳೆ, ತಗಡಿನ ಅಂಚು ಕಾಯಲ್ಲ' ಅಂದ."

"ಯಾರ ಮದುವೆ?"

"ನಂದೇ ಕಣೋ."

ನಕ್ಕರು. ನಗು ಅರ್ಧಕ್ಕೇ ನಿಂತಿತು. ಬೀದಿಯ ತಿರುವಿನಲ್ಲಿ ಬಿಳಿ ಉಡುಪಿನ ಹೆಂಗಸೊಬ್ಬಳು ಬರುತ್ತಿದ್ದಳು, ಅವಳ ಹತ್ತು ಹೆಜ್ಜೆ ಹಿಂದೆ ಅವಳ ಗಂಡ.

"ಅಯ್ಯೋ, ನೋರಿಸ್," ಎಂದ ಚೇಲೊ. "ಅಮೌರೀನೂ ಬಂದ."

*

ಹನ್ನೊಂದು ವರ್ಷದ ಹಿಂದೆ ಅಮೌರಿ ಹೊಸದಾಗಿ ಕೊಂಡ ಕಾರನ್ನು ಫಿದಿಯಾಸನ ಶೆಡ್ಡಿಗೆ ತಂದಿದ್ದ. ಆರು ವರ್ಷದ ಮಗಳು ಲಿಸ್ಬೆತ್ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಎಲ್ಲ ನೋಡುತ್ತಿದ್ದಳು. ಫಿದಿಯಾಸ್ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ. ಡಿಕ್ಕಿಯ ನೆಲದಲ್ಲಿ ಬಣ್ಣ ಕೆರೆದು, ಹೊಳೆಯುವ ತಗಡಿಗೆ ಅರ್ತಿಂಗ್ ಬಿಗಿದ. ಆಮೇಲೆ ಬ್ಯಾಟರಿಯ ಪಕ್ಕ ಫ್ಯೂಸಿನ ಡಬ್ಬಿ ಕೂರಿಸಿದ.

"ಅದನ್ನ ಹಿಂದೆ ಆಂಪ್ಲಿಫೈಯರ್ ಹತ್ರ ಇಟ್ರೆ ಆಗಲ್ವಾ ಮೇಸ್ತ್ರಿ? ಇಲ್ಲಿ ಚೆನ್ನಾಗಿ ಕಾಣಲ್ಲ," ಎಂದ ಅಮೌರಿ.

"ಫ್ಯೂಸ್ ಇರೋದು ಆಂಪ್ಲಿಫೈಯರ್ ಕಾಯೋಕಲ್ಲ ಕಣೋ, ವೈರ್ ಕಾಯೋಕೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರ್ಬೇಕು. ದೂರ ಇಟ್ರೆ ನಡುವಿನ ವೈರಿಗೆ ದಿಕ್ಕಿಲ್ಲ."

"ಜೋರಾಗಿ ಹಾಕಿದ್ರೆ ಸುಟ್ಟುಹೋಗುತ್ತಲ್ಲ?"

"ಹೋಗ್ಲಿ. ಅದರ ಕೆಲಸಾನೇ ಅದು, ಅದು ಸುಟ್ರೆ ವೈರಿಗೆ ಬೆಂಕಿ ಹತ್ತಲ್ಲ. ಹೋದ್ರೆ ಇಲ್ಲಿಗೆ ಬಾ. ನೀನೇ ದಪ್ಪದ್ದು ತಂದು ಹಾಕ್ಬೇಡ. ಇನ್ನೊಂದು ಆಂಪ್ಲಿಫೈಯರ್ ಬೇಕು ಅನ್ಸಿದ್ರೂ ಬಾ. ಆಗ ವೈರೇ ಬೇರೆ ಹಾಕ್ಬೇಕು."

ಅಮೌರಿ ತಲೆಯಾಡಿಸಿದ. ಲಿಸ್ಬೆತ್‌ಗೆ ಬೇಕಾದ ಹಾಡು ಹಾಕಿದರು. ಅವಳು ಸೀಟಿನ ಮೇಲೆ ಕುಣಿದಳು.

ಅವನು ಮತ್ತೆ ಬರಲಿಲ್ಲ. ಎರಡು ತಿಂಗಳ ನಂತರ, ಒಂದು ಭಾನುವಾರ ಮಧ್ಯಾಹ್ನ, ಬೀದಿಯ ಬಿಯರ್ ಅಂಗಡಿಯ ಮುಂದೆ ಹಾಡು ಜೋರಾಗಿ ಹಾಕಿ ಕಾರು ನಿಲ್ಲಿಸಿ, ಅಮೌರಿ ಗೆಳೆಯರ ಜೊತೆ ಒಳಗೆ ಕೂತಿದ್ದ. ಮಗು ಹಿಂದಿನ ಸೀಟಿನಲ್ಲಿ ಮಲಗಿತ್ತು. ಹೊಗೆ ಕಂಡವರು ಮೊದಲು ಯಾರೋ ಮಾಂಸ ಸುಡುತ್ತಿದ್ದಾರೆ ಅಂದುಕೊಂಡರು. ಅಮೌರಿ ಓಡಿ ಬಂದು ಬಾಗಿಲು ಎಳೆದ. ಅಂಗೈಯ ಚರ್ಮ ಹಿಡಿಗೆ ಅಂಟಿಕೊಂಡಿತು, ಬಾಗಿಲು ಬರಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು: ಬೆಂಕಿ ಹತ್ತಿದ್ದು ಆಂಪ್ಲಿಫೈಯರಿನ ವೈರಿನಿಂದ. ವೈರ್ ಎಳೆದವನು ಫಿದಿಯಾಸ್.

*

ನೋರಿಸ್ ನೇರ ಒಳಗೆ ಬಂದಳು. ಈ ಮನೆಯ ಗೇಟಿಗೆ ಅವಳು ಅದೆಷ್ಟು ಸಲ ಉಗುಳಿದ್ದಳೋ. ಪ್ರಾರ್ಥನೆ ಹೇಳುತ್ತಿದ್ದ ಹೆಂಗಸರು ನಿಲ್ಲಿಸಿದರು. ನೋರಿಸ್ ಶವಪೆಟ್ಟಿಗೆಯ ಅಂಚು ಹಿಡಿದು ಸ್ವಲ್ಪ ಹೊತ್ತು ನೋಡಿದಳು.

"ಮುದುಕ ಆಗ್ಬಿಟ್ಟಿದ್ದಾನೆ," ಎಂದಳು. ಆಮೇಲೆ ಯೊಕಾಸ್ತಾಳ ಕಡೆ ತಿರುಗಿದಳು. "ಅಕ್ಕಾ, ನಾನು ಜಗಳಕ್ಕೆ ಬಂದಿಲ್ಲ. ಹನ್ನೊಂದು ವರ್ಷ ಇವನಿಗೆ ಶಾಪ ಹಾಕಿದೀನಿ. ದಿನಾ, ಎದ್ದ ತಕ್ಷಣ. ಸಾಕಾಯ್ತು. ನನ್ನ ಮಗಳನ್ನ ಸುಟ್ಟಿದ್ದಕ್ಕೆ ಇವನನ್ನ ಕ್ಷಮಿಸ್ತಾ ಇದೀನಿ. ಎಲ್ಲರ ಮುಂದೆ ಹೇಳ್ತಿದೀನಿ."

ಮಿರೇಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ನೀನ್ಯಾರೇ ನಮ್ಮಣ್ಣನ್ನ ಕ್ಷಮಿಸೋಕೆ?"

"ಕೂತ್ಕೋ ಮಿರೇಯಾ," ಎಂದಳು ಯೊಕಾಸ್ತಾ.

ಅವಳು ನೋರಿಸ್‌ಳನ್ನು ನೋಡುತ್ತಿರಲಿಲ್ಲ. ಬಾಗಿಲ ಹತ್ತಿರ, ಕಲೆಗಟ್ಟಿದ ಎರಡೂ ಅಂಗೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ ಅಮೌರಿಯನ್ನು ನೋಡುತ್ತಿದ್ದಳು.

*

ಬೆಂಕಿಯ ಮರುದಿನ ಪೊಲೀಸರು ಸುಟ್ಟ ಕಾರನ್ನು ತೋರಿಸಲು ಫಿದಿಯಾಸನನ್ನು ಕರೆಸಿದ್ದರು. ಅವನು ಬಾನೆಟ್ ಎತ್ತಿದ. ಪ್ಲಾಸ್ಟಿಕ್ ಎಲ್ಲ ಕರಗಿತ್ತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಬೆರಳುದ್ದದ ತಾಮ್ರದ ಕೊಳವೆ ಇತ್ತು, ಫ್ರಿಜ್ಜಿನ ಕೊಳವೆಯಿಂದ ಕತ್ತರಿಸಿದ್ದು. ಡಿಕ್ಕಿಯಲ್ಲಿ ಒಂದಲ್ಲ, ಎರಡು ಆಂಪ್ಲಿಫೈಯರು.

ಅವನು ತಿರುಗಿ ನೋಡಿದ. ಠಾಣೆಯ ಅಂಗಳದ ಮೂಲೆಯಲ್ಲಿ ಅಮೌರಿ ನೆಲದ ಮೇಲೆ ಕೂತಿದ್ದ, ಎರಡೂ ಕೈಗೆ ಬ್ಯಾಂಡೇಜು. ಅವನ ಭುಜಕ್ಕೆ ತಲೆಯಿಟ್ಟು ನೋರಿಸ್, ಆರು ತಿಂಗಳ ಬಸುರಿ. ಅಮೌರಿ ಫಿದಿಯಾಸನ ಮುಖವನ್ನೇ ದಿಟ್ಟಿಸುತ್ತಿದ್ದ.

"ಏನಾದ್ರೂ ಗೊತ್ತಾಗುತ್ತಾ?" ಎಂದು ಪೊಲೀಸಿನವನು ಕೇಳಿದ.

"ಎಲ್ಲಾ ಸುಟ್ಟುಹೋಗಿದೆ ಸ್ವಾಮಿ," ಎಂದ ಫಿದಿಯಾಸ್. ತಾಮ್ರ ಆಗಲೇ ಅವನ ಜೇಬು ಸೇರಿತ್ತು. ದಾರಿಯಲ್ಲಿ ಅದನ್ನು ಹೊಳೆಗೆ ಎಸೆದು ಮನೆಗೆ ಬಂದ.

"ನಿಂಗೆ ಹುಚ್ಚಾ?" ಎಂದು ಯೊಕಾಸ್ತಾ ಕೂಗಾಡಿದಳು.

"ಅವಳು ಬಸುರಿ ಕಣೇ. ಗಂಡನೇ ಮಗೂನ ಕೊಂದ ಅಂತ ಗೊತ್ತಾದ್ರೆ ಎಲ್ಲಿ ಹೋಗ್ತಾಳೆ, ಯಾರ ಜೊತೆ ಬದುಕ್ತಾಳೆ? ನಮಗೇನು, ಜನ ಒಂದು ತಿಂಗಳು ಮಾತಾಡ್ತಾರೆ, ಮರೀತಾರೆ. ನೀನೂ ಬಾಯಿ ಬಿಡ್ಬೇಡ."

ಜನ ಮರೆಯಲಿಲ್ಲ. ಅವನ ಲೆಕ್ಕ ತಪ್ಪಿದ್ದು ಅದೊಂದರಲ್ಲೇ.

*

"ನೋರಿಸ್," ಎಂದಳು ಯೊಕಾಸ್ತಾ. "ನಾನು ಬಾಯಿ ಬಿಡಲ್ಲ ಅಂತ ಇವರಿಗೆ ಮಾತು ಕೊಟ್ಟಿದೀನಿ. ಆದ್ರೆ ನಿನ್ನ ಕ್ಷಮೆ ನಾನು ತಗೊಳ್ಳಲ್ಲ. ಅದು ಈ ಮನೇದಲ್ಲ."

"ಅಂದ್ರೆ?"

ಅಮೌರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನಾನು," ಎಂದ. "ನಾನೇ, ನೋರಿಸ್. ಫ್ಯೂಸ್ ಪದೇ ಪದೇ ಹೋಗ್ತಿತ್ತು. ಇನ್ನೊಂದು ಆಂಪ್ಲಿಫೈಯರ್ ತಂದಿದ್ನಲ್ಲ. ಮೇಸ್ತ್ರಿ ಬೈತಾರೆ ಅಂತ ಬರ್ಲಿಲ್ಲ. ಫ್ಯೂಸ್ ಕಿತ್ತು ತಾಮ್ರದ ತುಂಡು ಹಾಕ್ದೆ. ಮೇಸ್ತ್ರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಅಂತ ನಂಗೂ ಗೊತ್ತಿತ್ತು."

ಹೊರಗಿಂದ ಗಂಡಸರು ಬಾಗಿಲಿಗೆ ಬಂದು ನಿಂತಿದ್ದರು. ನೋರಿಸ್ ಅಳಲಿಲ್ಲ, ಹೊಡೆಯಲಿಲ್ಲ.

"ದಿನಾ ಬೆಳಿಗ್ಗೆ ನಾನು ಶಾಪ ಹಾಕೋವಾಗ ನೀನು ಪಕ್ಕದಲ್ಲೇ ಮಲಗಿರ್ತಿದ್ದೆ," ಎಂದಳು ಅಷ್ಟೆ. "ಕೇಳಿಸ್ಕೊಂಡು."

ಅಮೌರಿ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಚೇಲೊ ಅವನ ಎದೆಗೆ ಕೈ ಅಡ್ಡ ಹಿಡಿದ. "ಬೇಡ ಕಣಯ್ಯ. ಈಗ ಬೇಡ."

ಮೂರು ಗಂಟೆಗೆ ಪೆಟ್ಟಿಗೆ ಎತ್ತಿದರು. ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಹನ್ನೊಂದು ವರ್ಷದಿಂದ ಮುಖ ತಿರುಗಿಸುತ್ತಿದ್ದವರು ಬಾಗಿಲುಗಳಲ್ಲಿ ಟೋಪಿ ತೆಗೆದು ನಿಂತಿದ್ದರು. ಮಿರೇಯಾ ಯಾರತ್ತಲೂ ನೋಡಲಿಲ್ಲ. "ಈಗ ಬಂದ್ರು," ಎಂದು ಹಲ್ಲು ಕಚ್ಚಿದಳು.

ಸ್ಮಶಾನದ ಗೋಡೆಯ ಗೂಡಿಗೆ ಪೆಟ್ಟಿಗೆ ತಳ್ಳಿ, ಗಾರೆಯವನು ಇಟ್ಟಿಗೆ ಕಟ್ಟಿ ಸಿಮೆಂಟು ಬಳಿದ. ಕಲ್ಲಿನ ಫಲಕ ಮಾಡಿಸಿರಲಿಲ್ಲ.

"ಹೆಸರು ಯಾರು ಬರೀತೀರಿ? ಒಣಗೋಕ್ ಮುಂಚೆ ಬರೀಬೇಕು," ಎಂದ.

ಹಿಂದಿನಿಂದ ನೋರಿಸ್ ಮುಂದೆ ಬಂದಳು. ಯೊಕಾಸ್ತಾ ಅವಳನ್ನು ಕರೆಯಲಿಲ್ಲ, ತಡೆಯಲೂ ಇಲ್ಲ. ಗಾರೆಯವನು ಕೊಟ್ಟ ಮೊಳೆಯನ್ನು ನೋರಿಸ್ ಮುಟ್ಟದೆ, ತೋರುಬೆರಳನ್ನು ಹಸಿ ಸಿಮೆಂಟಿನಲ್ಲಿ ಊರಿ ಫಿದಿಯಾಸನ ಹೆಸರು ಬರೆಯತೊಡಗಿದಳು. ಅಕ್ಷರಗಳು ದೊಡ್ಡದಾದವು. ಅರ್ಧ ಹೆಸರಿಗೇ ಗೂಡಿನ ಅಂಚು ಬಂತು. ಅವಳು ನಿಲ್ಲಿಸಲಿಲ್ಲ. ಉಳಿದ ಅಕ್ಷರಗಳನ್ನು ಪಕ್ಕದ ಒಣಗೋಡೆಯ ಮೇಲೆ, ಏನೂ ಮೂಡದ ಕಡೆ, ಉಗುರು ಒಡೆಯುವ ಹಾಗೆ ಒತ್ತಿ ಒತ್ತಿ ಬರೆಯುತ್ತಲೇ ಹೋದಳು.